ಖಣದ ಗಿಳಿ, ಅಂಬಾರಿಯ ಆನೆ

ಮಧ್ಯಾಹ್ನದ ಬಿಸಿಲು ಬನಹಟ್ಟಿಯ ಓಣಿಗಳಲ್ಲಿ ಕಾದು ನಿಂತು, ಒಂದು ಮನೆಯ ಮಗ್ಗದ ಸಪ್ಪಳವು ನೆರೆಮನೆಯ ಮಗ್ಗದ ಸಪ್ಪಳದೊಡನೆ ಬೆರೆತು ಯಾವುದು ಯಾರದೆಂದು ತಿಳಿಯದಂತಾಗಿರುವ ಹೊತ್ತಿನಲ್ಲಿ, ಪಡಸಾಲೆಯ ತಂಪಿಗೆ ಬಂದು ಗೋಡೆಗೆ ಬೆನ್ನು ಕೊಟ್ಟು ಕುಳಿತ ಹಿರಿಯ ಹೆಣ್ಣುಮಗಳೊಬ್ಬಳು ತನ್ನ ಚಿಂದಿಯ ಗಂಟನ್ನು ಬಿಚ್ಚುವ ನೋಟ ಈ ಸೀಮೆಯಲ್ಲಿ ಯಾರಿಗೂ ಅಪರಿಚಿತವಲ್ಲ. ಗಂಟು ಬಿಚ್ಚಿದೊಡನೆ ನೆಲದ ಮೇಲೆ ಹರಡಿಕೊಳ್ಳುವುದು ಒಂದು ಮನೆತನದ ವಸ್ತ್ರಚರಿತ್ರೆ: ಮದುವೆಯ ಕುಪ್ಪಸ ಹೊಲಿಸಿ ಮಿಕ್ಕ ಗುಳೇದಗುಡ್ಡದ ಖಣದ ತುಂಡು, ಒಡಲು ಹರಿದುಹೋದರೂ ದಡಿ ಮಾತ್ರ ಗಟ್ಟಿಯಾಗಿ ಉಳಿದಿರುವ ಇಳಕಲ್ ಸೀರೆಯ ಅಂಚು, ರಬಕವಿಯ ಮಗ್ಗದಿಂದ ಬಂದ ನೂಲಿನ ಬಟ್ಟೆಯ ಕೊನೆ, ಮೊಮ್ಮಗನ ಹಳೆಯ ಅಂಗಿಯ ತೋಳು.

ಇವೆಲ್ಲ ಕೌದಿಗೆಂದು ಕೂಡಿಟ್ಟವು. ಆದರೆ ಪಕ್ಕದಲ್ಲಿ ಕುಳಿತ ಮೊಮ್ಮಗಳಿಗೆ ಕೌದಿ ಬೇಡ, ಶಾಲೆಗೆ ರೊಕ್ಕ ಒಯ್ಯಲು ಒಂದು ಸಂಚಿ ಬೇಕು. ಅದೂ ಗಿಳಿಯ ಆಕಾರದ್ದೇ ಆಗಬೇಕು.

“ಗಿಳಿ ಮಾಡಿದರ ಅದರ ಹೊಟ್ಟಿ ದೊಡ್ಡದು ಇರಬೇಕವಾ, ಇಲ್ಲಾಂದ್ರ ರೊಕ್ಕಾ ಎಲ್ಲಿ ಇಡ್ತೀ?” ಎಂದು ಆಯಿ ಕೇಳುತ್ತಾಳೆ. ಪ್ರಾಣಿಯ ಆಕಾರದ ಸಂಚಿಯನ್ನು ಕೈಯಿಂದ ಹೊಲಿಯುವ ವಿದ್ಯೆಯ ಮೂಲಸೂತ್ರವೆಲ್ಲ ಆ ಒಂದು ಪ್ರಶ್ನೆಯಲ್ಲಿದೆ.

ಉಡಿಯಿಂದ ಸಂಚಿಗೆ

ಹೆಣ್ಣಿನ ಉಡುಪಿಗೆ ಕಿಸೆಯೆಂಬುದೇ ಇಲ್ಲದಿದ್ದ ಕಾಲದಲ್ಲಿ ಆಕೆಯ ಮೊದಲನೆಯ ಚೀಲ ಆಕೆಯ ಸೀರೆಯೇ ಆಗಿತ್ತು. ಹತ್ತಿ ಬಿಡಿಸುವಾಗ, ಕಾಳು ಆರಿಸುವಾಗ ಸೆರಗನ್ನು ಎತ್ತಿ ಸೊಂಟಕ್ಕೆ ಸಿಕ್ಕಿಸಿ ಮಾಡಿಕೊಂಡ ಉಡಿ, ಸಂತೆಗೆ ಹೋಗುವಾಗ ಸೆರಗಿನ ತುದಿಗೆ ಬಿಗಿದ ಗಂಟು, ಇವೆರಡರಲ್ಲಿ ಅವಳ ಸಂಸಾರದ ಬಹುಪಾಲು ಚರಸ್ವತ್ತು ಅಡಗಿರುತ್ತಿತ್ತು. ಮಂಗಲಕಾರ್ಯಗಳಲ್ಲಿ ಅಕ್ಕಿ, ಕೊಬ್ಬರಿ ಬಟ್ಟಲು, ಅಡಿಕೆ, ಎಲೆ, ಅರಿಷಿಣದ ಕೊಂಬುಗಳೊಡನೆ ಮುಕ್ಕೋನವಾಗಿ ಮಡಚಿದ ಖಣವನ್ನಿಟ್ಟು ಮುತ್ತೈದೆಯ ಉಡಿ ತುಂಬುವ ಆಚಾರ ಇಂದಿಗೂ ಜಮಖಂಡಿ, ಮುಧೋಳ, ಬೀಳಗಿಗಳ ಮನೆಮನೆಯಲ್ಲಿ ನಡೆಯುತ್ತದೆ.

ಹೊಲಿದ ಸಂಚಿ ಬಂದದ್ದು ಮುಖ್ಯವಾಗಿ ತಾಂಬೂಲದ ಸಲುವಾಗಿ. ಎಲೆ ಬಾಡಬಾರದು, ಅಡಿಕೆ ಚೆಲ್ಲಬಾರದು, ಸುಣ್ಣದ ಡಬ್ಬಿ ತಂಬಾಕಿಗೆ ತಗಲಬಾರದು, ಅಡಕತ್ತರಿ ಬಟ್ಟೆಯನ್ನು ಹರಿಯಬಾರದು ಎಂಬ ಇಷ್ಟೂ ಬೇಡಿಕೆಗಳನ್ನು ಪೂರೈಸುವುದಕ್ಕಾಗಿ ಒಂದರೊಳಗೊಂದು ಪದರವನ್ನಿಟ್ಟು, ಬಾಯಿಗೆ ಎರಡೂ ಕಡೆಯಿಂದ ಎಳೆಯುವ ದಾರವನ್ನು ಪೋಣಿಸಿ, ದಾರದ ತುದಿಗೆ ಗೊಂಡೆಯನ್ನೋ ಕವಡೆಯನ್ನೋ ಕಟ್ಟಿದ ಆ ಸಂಚಿಯು ವಸ್ತುವಿನಲ್ಲಿ ಅಲ್ಪವಾದರೂ ರಚನೆಯಲ್ಲಿ ಅಸಾಮಾನ್ಯವಾದುದು. ಅದನ್ನು ಹಿಡಿದು ನಡೆಯುವುದೇ ಒಂದು ಉದ್ಯೋಗವಾಗಿತ್ತು. 17ನೆಯ ಶತಮಾನದಲ್ಲಿ ಮೈಸೂರಿನ ಚಿಕ್ಕದೇವರಾಜ ಒಡೆಯರ ಅರಮನೆಯಲ್ಲಿ ಸಂಚಿಯ ಊಳಿಗದಲ್ಲಿದ್ದ ಹೊನ್ನಮ್ಮನು ‘ಹದಿಬದೆಯ ಧರ್ಮ’ವನ್ನು ರಚಿಸಿ ಕನ್ನಡ ಸಾಹಿತ್ಯದಲ್ಲಿ ಆ ಊಳಿಗದ ಹೆಸರಿನಿಂದಲೇ ಶಾಶ್ವತಳಾದಳು.

ಈ ಹಳೆಯ ಸಂಚಿಗಳು ಸಾಮಾನ್ಯವಾಗಿ ಚೌಕವಾಗಿಯೋ ಅರ್ಧಚಂದ್ರವಾಗಿಯೋ ಇರುತ್ತಿದ್ದುವು. ಪ್ರಾಣಿಯ ರೂಪವು ಸಂಚಿಗೆ ಇಳಿದುಬಂದದ್ದು ಬೇರೊಂದು ಮಾರ್ಗದಿಂದ.

ನೂಲಿನ ಮೃಗಪಕ್ಷಿಗಳು

ಈ ಸೀಮೆಯ ಬಟ್ಟೆಯ ಮೇಲೆ ಪ್ರಾಣಿಗಳು ಬಹುಕಾಲದಿಂದ ವಾಸವಾಗಿವೆ. ಕಸೂತಿಯನ್ನು ಬಲ್ಲವರು ಗೋಪುರ, ತೇರು, ತುಳಸಿಕಟ್ಟೆಗಳ ನಡುವೆ ಅಂಬಾರಿ ಹೊತ್ತ ಆನೆಯನ್ನೂ, ಜೋಡಿ ನವಿಲನ್ನೂ, ಗಿಳಿಯನ್ನೂ, ಕುದುರೆಯನ್ನೂ, ನಂದಿಯನ್ನೂ ಹೊಲಿಯುತ್ತ ಬಂದಿದ್ದಾರೆ. ಬಟ್ಟೆಯ ಮೇಲೆ ಮೊದಲು ಗೆರೆ ಬರೆದುಕೊಳ್ಳದೆ ಎಳೆಗಳನ್ನು ಎಣಿಸಿಯೇ ಹಾಕಬೇಕಾದ ಗವಂತಿ, ಮುರಗಿ, ನೇಯ್ಗಿ, ಮೆಂತಿ ಎಂಬ ನಾಲ್ಕು ಹೊಲಿಗೆಗಳಲ್ಲಿ ಗವಂತಿ ಮುರಗಿಗಳಂತೂ ಬಟ್ಟೆಯ ಎರಡೂ ಮೈಯಲ್ಲಿ ಒಂದೇ ರೀತಿ ಕಾಣತಕ್ಕವು. ಅದಕ್ಕಾಗಿಯೇ ಅಲ್ಲಿ ದಾರಕ್ಕೆ ಗಂಟು ಹಾಕುವುದಿಲ್ಲ.

ಕಾರಹುಣ್ಣಿಮೆಯಲ್ಲಿ ಎತ್ತಿನ ಮೈಮೇಲೆ ಹೊದಿಸುವ ಜೂಲ, ಮಣ್ಣೆತ್ತಿನ ಅಮಾವಾಸ್ಯೆಯಲ್ಲಿ ಮಕ್ಕಳ ಕೈಯಲ್ಲಿ ಕೊಂಬು ಮೂಡಿಸಿಕೊಳ್ಳುವ ಜೇಡಿಮಣ್ಣಿನ ಎತ್ತು, ತೊಟ್ಟಿಲ ಮೇಲೆ ಕೂಸಿನ ಕಣ್ಣಿಗೆ ಬೀಳುವಂತೆ ತೂಗಬಿಟ್ಟ ಬಟ್ಟೆಯ ಗಿಳಿ, ಇವನ್ನೆಲ್ಲ ನೋಡುತ್ತ ಬೆಳೆದ ಕೈಗೆ ಚಪ್ಪಟೆಯಾದ ಚಿತ್ರದಿಂದ ಉಬ್ಬಿದ ಆಕೃತಿಗೆ ಹೋಗುವುದು ದೂರದ ಪಯಣವಲ್ಲ. ತೊಟ್ಟಿಲ ಗಿಳಿಯೊಳಗಿನ ಹತ್ತಿಯನ್ನು ತೆಗೆದು ಬೆನ್ನಿಗೊಂದು ಬಾಯಿ ಮಾಡಿದರೆ ಅದು ಸಂಚಿಯಾಯಿತು.

ಅನ್ಯದೇಶಗಳಲ್ಲಿಯೂ ಈ ಯೋಚನೆ ಸ್ವತಂತ್ರವಾಗಿಯೇ ಹುಟ್ಟಿದೆ. ಚೀನದ ಗಾನ್ಸು ಪ್ರಾಂತದ ಚಿಂಗ್‌ಯಾಂಗ್ ಪ್ರದೇಶದಲ್ಲಿ ಐದನೆಯ ತಿಂಗಳ ಹಬ್ಬಕ್ಕೆ ಹುಲಿ ಮೊದಲಾದ ಪ್ರಾಣಿಗಳ ರೂಪದಲ್ಲಿ ಪುಟ್ಟ ಸಂಚಿಗಳನ್ನು ಹೊಲಿದು, ಸುಗಂಧದ ಬೇರುಗಳನ್ನು ತುಂಬಿ, ಮಕ್ಕಳ ಕೊರಳಿಗೆ ಕಟ್ಟುತ್ತಾರೆ. 17ನೆಯ ಶತಮಾನದ ಇಂಗ್ಲೆಂಡಿನಲ್ಲಿ ಕಪ್ಪೆಯ ಆಕಾರದ ಕಿರುಚೀಲಗಳಿದ್ದುವು. ಅವುಗಳಲ್ಲಿ ಕೆಲವು ಅಲ್ಲಿಯ ವಸ್ತುಸಂಗ್ರಹಾಲಯಗಳಲ್ಲಿ ಇಂದಿಗೂ ಉಳಿದಿವೆ.

ಜರ್ಮನಿಯ ಗೀಂಗೆನ್ ಎಂಬ ಸಣ್ಣ ಊರಿನ ಮಾರ್ಗರೆಟ್ ಸ್ಟೈಫ್ ಎಂಬಾಕೆಯ ವೃತ್ತಾಂತವನ್ನು ಇಲ್ಲಿ ಹೇಳದೆ ಮುಂದುವರಿಯಲಾಗದು. ಶೈಶವದಲ್ಲಿಯೇ ಪೋಲಿಯೋ ತಗಲಿ ಕಾಲುಗಳ ಶಕ್ತಿಯನ್ನೂ ಬಲಗೈಯ ಸರಾಗವನ್ನೂ ಕಳೆದುಕೊಂಡ ಆಕೆ 1880ರಲ್ಲಿ ಪತ್ರಿಕೆಯೊಂದರಲ್ಲಿ ಕಂಡ ಮಾದರಿಯನ್ನು ಅನುಸರಿಸಿ ದಪ್ಪ ಉಣ್ಣೆಯ ಬಟ್ಟೆಯಲ್ಲಿ ಸೂಜಿ ಚುಚ್ಚಿಡುವುದಕ್ಕೆಂದು ಪುಟ್ಟ ಆನೆಯೊಂದನ್ನು ಹೊಲಿದಳು. ಸೂಜಿಗಾಗಿ ಹೊಲಿದ ಆನೆಯನ್ನು ಮಕ್ಕಳು ಆಟಕ್ಕೆಂದು ಎತ್ತಿಕೊಂಡರು. ಆ ಆನೆಯಿಂದಲೇ ಲೋಕಪ್ರಸಿದ್ಧವಾದ ಬಟ್ಟೆಯ ಆಟಿಕೆಗಳ ಉದ್ಯಮವೊಂದು ಬೆಳೆಯಿತು.

ಹೊಟ್ಟೆಯುಳ್ಳ ಪ್ರಾಣಿ

ಯಾವ ಪ್ರಾಣಿಯನ್ನು ಆರಿಸಬೇಕೆಂಬುದು ಅಭಿರುಚಿಯ ಪ್ರಶ್ನೆಯೆಂದು ತೋರಿದರೂ ವಾಸ್ತವವಾಗಿ ಅದು ಅಂಗರಚನೆಯ ಪ್ರಶ್ನೆ. ಸಂಚಿಗೆ ಎರಡು ಅಂಗಗಳು ಅನಿವಾರ್ಯ: ವಸ್ತು ಹಿಡಿಯುವಂಥ ಹೊಟ್ಟೆ, ಕೈಯ ಎರಡು ಬೆರಳು ಸಲೀಸಾಗಿ ಹೋಗುವಂಥ ಬಾಯಿ. ಈ ಎರಡನ್ನೂ ತನ್ನ ಮೈಕಟ್ಟಿನಲ್ಲಿಯೇ ಹೊಂದಿರುವ ಪ್ರಾಣಿಯು ಒಳ್ಳೆಯ ಸಂಚಿಯಾಗುತ್ತದೆ. ಹೊಂದಿಲ್ಲದ ಪ್ರಾಣಿಯನ್ನು ಬಲವಂತದಿಂದ ಸಂಚಿಯಾಗಿಸಿದರೆ ಅದು ಪ್ರಾಣಿಯೂ ಅಲ್ಲದೆ ಸಂಚಿಯೂ ಅಲ್ಲದೆ ಉಳಿಯುತ್ತದೆ.

ಮುಧೋಳದವರಿಗೆ ಮೊದಲು ನೆನಪಾಗುವುದು ತಮ್ಮ ಊರಿನ ನಾಯಿ; ಅದು ಸಹಜ. ಮುಧೋಳ ಸಂಸ್ಥಾನದ ಮಾಲೋಜಿರಾವ್ ಘೋರ್ಪಡೆಯವರ ಪೋಷಣೆಯಿಂದ ಹೆಸರಾಗಿ, 2005ರಲ್ಲಿ ಭಾರತೀಯ ಅಂಚೆಯ ಚೀಟಿಯ ಮೇಲೆ ಮೂಡಿ, ಮುಂದೆ ಸೈನ್ಯದ ಸೇವೆಗೂ ಸೇರಿದ ಆ ತಳಿಯ ಸೌಂದರ್ಯವೆಲ್ಲ ಅದರ ಕೃಶತೆಯಲ್ಲಿದೆ: ಉದ್ದವಾದ ಇಕ್ಕಟ್ಟಿನ ಮೋರೆ, ಆಳವಾದ ಎದೆ, ಒಳಕ್ಕೆ ಸೆಳೆದುಕೊಂಡ ಹೊಟ್ಟೆ, ನೀಳವಾದ ಕಾಲು, ತೆಳ್ಳನೆಯ ಬಾಲ. ಸಂಚಿಯ ದೃಷ್ಟಿಯಿಂದ ಇವೆಲ್ಲವೂ ತೊಡಕುಗಳೇ. ಬೆರಳಿನಷ್ಟು ದಪ್ಪದ ಕಾಲನ್ನು ಒಳಮೈಯಿಂದ ಹೊಲಿದು ಹೊರಕ್ಕೆ ತಿರುವುವುದೆಂದರೆ ಅಭ್ಯಾಸವುಳ್ಳವರಿಗೂ ಶ್ರಮ. ಹೊಟ್ಟೆಯಿರಬೇಕಾದ ಎಡೆಯಲ್ಲಿಯೇ ಈ ನಾಯಿಗೆ ಹೊಟ್ಟೆಯಿಲ್ಲ.

ಆದರೂ ಉಪಾಯವಿದೆ. ನಿಂತ ನಾಯಿಯನ್ನು ಬಿಟ್ಟು ಮಲಗಿದ ನಾಯಿಯನ್ನು ಹೊಲಿಯಬೇಕು. ಮೋರೆಯನ್ನು ಬಾಲದ ಕಡೆಗೆ ತಂದು ಸುರುಳಿಯಾಗಿ ಮಲಗಿದ ಮುಧೋಳ ನಾಯಿಯ ಹೊರಗೆರೆಯು ಒಂದು ಅಂಡಾಕೃತಿ. ಕಾಲುಗಳನ್ನೂ ಮೋರೆಯನ್ನೂ ದಾರದ ಗೆರೆಯಲ್ಲಿಯೇ ಮೇಲುಮೈಯಲ್ಲಿ ಬರೆದು, ಬೆನ್ನಿನ ಬಾಗನ್ನು ಬಾಯಾಗಿಸಿದರೆ, ತಳಿಯ ಗುರುತೂ ಉಳಿದು ಸಂಚಿಯೂ ಸಿದ್ಧಿಸುತ್ತದೆ.

ಉತ್ತರಕ್ಕೆ ಕೃಷ್ಣೆ, ದಕ್ಷಿಣಕ್ಕೆ ಘಟಪ್ರಭೆ ಹರಿಯುವ ಬೀಳಗಿಯ ಸೀಮೆಯವರಿಗೆ ಮೀನು ಅತ್ಯಂತ ಸುಲಭವಾದ ಆಯ್ಕೆ. ಮೀನಿಗೆ ಕಾಲಿಲ್ಲ, ಕೊರಳಿಲ್ಲ, ಅದರ ಬಾಯೇ ಸಂಚಿಯ ಬಾಯಿ. ಖಿಲಾರಿ ಎತ್ತಿನ ಗತ್ತಿಗೆ ಮನಸೋತವರು ಅದರ ನೀಳವಾದ ಕೊಂಬನ್ನು ಬಟ್ಟೆಯಲ್ಲಿ ಹೊಲಿಯಲು ಹೋಗದೆ ದಪ್ಪ ದಾರವನ್ನು ಹೆಣೆದು ಮಾಡುವುದು ಲೇಸು. ಹೊಸದಾಗಿ ಸೂಜಿ ಹಿಡಿದವರು ಮಾತ್ರ ಗಿಳಿಯಿಂದಲೇ ಆರಂಭಿಸಬೇಕೆಂಬುದು ನನ್ನ ದೃಢವಾದ ಅಭಿಪ್ರಾಯ: ತುಂಬಿದ ಎದೆ, ಒಂದೇ ಬಾಗಿನಲ್ಲಿ ಬಾಲಕ್ಕೆ ಇಳಿಯುವ ಬೆನ್ನು, ಮುಚ್ಚಳವಾಗಲು ಕಾದಿರುವ ರೆಕ್ಕೆ.

ಚಿಂದಿಯ ಗುಣದೋಷ

ನೇಯುವ ಊರುಗಳಲ್ಲಿ ಬಟ್ಟೆಗೆ ಬರವಿಲ್ಲ. ಆದರೆ ಎಲ್ಲ ಬಟ್ಟೆಯೂ ಎಲ್ಲ ಕೆಲಸಕ್ಕೆ ಆಗದು. ಖಣವು ಒತ್ತಾಗಿ ನೇಯ್ದ ಬಟ್ಟೆ, ಮೈಯೆಲ್ಲ ಸಣ್ಣ ಬುಟ್ಟಾ, ಎರಡೂ ಕಡೆ ಅಂಚು. ಹೊರಮೈಗೆ ಅದಕ್ಕಿಂತ ಯೋಗ್ಯವಾದುದು ಬೇರೆಯಿಲ್ಲ. ಅದರ ದೋಷವೆಂದರೆ ಕತ್ತರಿ ತಗಲಿದೊಡನೆ ಅಂಚಿನ ಎಳೆಗಳು ಬಿಚ್ಚತೊಡಗುವುದು. ಕತ್ತರಿಸುವ ಮೊದಲೇ ತೆಳುವಾದ ಗಂಜಿಯನ್ನು ಸವರಿ ಒಣಗಿಸಿ ಇಸ್ತ್ರಿ ಮಾಡಿಕೊಂಡರೆ ಬಟ್ಟೆ ಮಾತು ಕೇಳುತ್ತದೆ. ಹಾಸಿನ ನೂಲಿಗೆ ಗಂಜಿ ಕೊಟ್ಟು ಬೆಳೆದ ನೇಕಾರರ ಮನೆಯವರಿಗೆ ಇದನ್ನು ಹೇಳಿಕೊಡಬೇಕಾದುದಿಲ್ಲ.

ಇಳಕಲ್ ಸೀರೆಯ ದಡಿ, ಅದು ಗೋಮಿಯಾಗಲಿ ಚಿಕ್ಕಿಯಾಗಲಿ ಗಾಡಿಯಾಗಲಿ, ಕೊರಳಪಟ್ಟಿಗೆ, ರೆಕ್ಕೆಯ ಅಂಚಿಗೆ, ಆನೆಯ ಜೂಲಕ್ಕೆ ಹೇಳಿ ಮಾಡಿಸಿದಂತಿರುತ್ತದೆ. ಕೆಂಪು ಸೆರಗಿನ ತುಂಡನ್ನು ಗಿಳಿಯ ಕೊಕ್ಕಿಗೆ ಬಳಸುವ ಮುನ್ನ ಬಿಳಿಯ ಬಟ್ಟೆಯೊಂದನ್ನು ಒದ್ದೆಮಾಡಿ ಅದರ ಮೇಲೆ ಒತ್ತಿ ತಿಕ್ಕಿ ನೋಡತಕ್ಕದ್ದು; ಬಣ್ಣ ಬಿಟ್ಟರೆ ಆ ತುಂಡನ್ನು ತೊಳೆದು ಬಣ್ಣ ನಿಂತ ಮೇಲೆಯೇ ಉಪಯೋಗಿಸಬೇಕು. ಅನ್ಯಥಾ ಮೊದಲನೆಯ ಮಳೆಯಲ್ಲಿಯೇ ಗಿಳಿಯ ಎದೆಯೆಲ್ಲ ಕೆಂಪಾದೀತು.

ಒಳಗಿನ ಅಸ್ತರಕ್ಕೆ ಹತ್ತಾರು ಸಲ ಒಗೆದು ಮೆತ್ತಗಾದ ಹಳೆಯ ನೂಲಿನ ಸೀರೆಯೇ ಶ್ರೇಷ್ಠ. ಹೊಸ ನೂಲಿನ ಬಟ್ಟೆ ನೀರು ಕಂಡಾಗ ಕುಗ್ಗುತ್ತದೆ. ಹೊರಮೈ ಕುಗ್ಗದೆ ಒಳಮೈ ಮಾತ್ರ ಕುಗ್ಗಿದರೆ ಸಂಚಿ ಸುಕ್ಕುಗಟ್ಟುತ್ತದೆ. ಹಳೆಯ ಸೀರೆಯಲ್ಲಿಯೂ ಮೊಣಕಾಲಿನ, ಆಸನದ ಭಾಗಗಳು ಸವೆದಿರುವುದರಿಂದ ನೆರಿಗೆಯ ಒಳಭಾಗದ ತುಂಡನ್ನು ಹುಡುಕಬೇಕು. ಕೌದಿ ಹೊಲಿಯುವವರು ಬಟ್ಟೆಯನ್ನು ಬೆಳಕಿಗೆ ಹಿಡಿದು ನೋಡುವುದು ಈ ಕಾರಣಕ್ಕೆ. ಆಲಮಟ್ಟಿಯ ಹಿನ್ನೀರಿನಲ್ಲಿ ಹಳೆಯ ಊರನ್ನು ಬಿಟ್ಟು ಪುನರ್ವಸತಿಯ ಊರಿಗೆ ಬಂದ ಬೀಳಗಿಯ ಕಡೆಯ ಮನೆತನಗಳಲ್ಲಿ ಅಜ್ಜಿಯ ಸೀರೆಯ ತುಂಡೆಂದರೆ ಬರಿಯ ಬಟ್ಟೆಯಲ್ಲ; ಅಂಥದನ್ನು ಒಂದು ಗೇಣಾದರೂ ಮಗುವಿನ ಸಂಚಿಯೊಳಗೆ ಉಳಿಸುವುದು ಎಷ್ಟು ಒಳ್ಳೆಯದು!

ಕಾಗದದ ಗಿಳಿ

ಬಟ್ಟೆಯ ಮೇಲೆ ನೇರವಾಗಿ ಕತ್ತರಿ ಆಡಿಸಲಾಗದು. ಮೊದಲು ಕಾಗದದಲ್ಲಿ, ಇಟ್ಟುಕೊಳ್ಳುವ ಮನಸ್ಸಿದ್ದರೆ ಮದುವೆಯ ಕರೆಯೋಲೆಯಂಥ ದಪ್ಪ ಕಾಗದದಲ್ಲಿ, ಗಿಳಿಯ ಪಾರ್ಶ್ವವನ್ನು ಬರೆಯಬೇಕು. ನಾಣ್ಯ, ಮಡಚಿದ ನೋಟು, ಒಂದು ಕೀಲಿಕೈ ಹಿಡಿಯಲು ಎದೆಯಿಂದ ಬಾಲದ ಬುಡದವರೆಗೆ 5 ಇಂಚು, ಬೆನ್ನಿನಿಂದ ಹೊಟ್ಟೆಯವರೆಗೆ 4 ಇಂಚು ಸಾಕು.

ಚಿತ್ರಕಾರನ ಗಿಳಿಗೂ ದರ್ಜಿಯ ಗಿಳಿಗೂ ಇಲ್ಲಿ ಒಂದು ವ್ಯತ್ಯಾಸವಿದೆ. ಎರಡು ತುಂಡು ಬಟ್ಟೆ ಕೂಡಿ ಉಬ್ಬಿದಾಗ ಆಕೃತಿಯು ಅಗಲದಲ್ಲಿ ಕುಗ್ಗುತ್ತದೆಯಾದ್ದರಿಂದ ಕಾಗದದ ಮೇಲೆ ಸುಂದರವಾಗಿ ಕಾಣುವ ತೆಳುಕೊರಳು ಹೊಲಿದ ಮೇಲೆ ಇಲ್ಲವೆನಿಸುವಷ್ಟು ಸಣ್ಣದಾಗುತ್ತದೆ. ಕಾಗದದ ಗಿಳಿಯು ಕಣ್ಣಿಗೆ ತುಸು ಸ್ಥೂಲವಾಗಿಯೇ ಇರಲಿ. ಕೊರಳು ಎರಡು ಬೆರಳಿನ ಅಗಲಕ್ಕೆ ಕಡಿಮೆಯಾಗದಿರಲಿ.

ಗೆರೆಯ ಸುತ್ತ ಕಾಲು ಇಂಚು ಹೊಲಿಗೆಯ ಅಂಚನ್ನು, ಖಣವಾದರೆ ಇನ್ನೂ ಸ್ವಲ್ಪ ಹೆಚ್ಚಾಗಿಯೇ, ಬಿಟ್ಟು ಕತ್ತರಿಸಬೇಕು. ಒಂದು ಪಾರ್ಶ್ವವನ್ನು ಕತ್ತರಿಸಿದ ಮೇಲೆ ಕಾಗದವನ್ನು ಮಗುಚಿಹಾಕಿ ಇನ್ನೊಂದನ್ನು ಕತ್ತರಿಸುವುದು ಅತ್ಯಾವಶ್ಯಕ. ಮಗುಚದೆ ಕತ್ತರಿಸಿದರೆ ಎರಡೂ ಎಡಮೋರೆಯ ಗಿಳಿಗಳಾಗಿ ಒಂದಕ್ಕೊಂದು ಕೂಡವು. ಖಣದ ಬುಟ್ಟಾಗಳು ಎರಡು ಪಾರ್ಶ್ವದಲ್ಲಿಯೂ ನೆಟ್ಟಗೆ ನಿಂತಿರುವಂತೆ ನೋಡಿಕೊಳ್ಳಬೇಕು. ಅಸ್ತರದ ಎರಡು ತುಂಡುಗಳನ್ನು ಅದೇ ಅಳತೆಗೆ, ಕೂದಲೆಳೆಯಷ್ಟು ಚಿಕ್ಕದಾಗಿ ಕತ್ತರಿಸಿದರೆ ಒಳಗೆ ಗುಡ್ಡೆಯಾಗದೆ ಕೂರುತ್ತವೆ.

ಸೂಜಿಯ ನಡೆ

ಕೊಕ್ಕಿನ ಕೆಂಪು ತುಂಡುಗಳನ್ನು ಮೊದಲು ಎರಡು ಪಾರ್ಶ್ವಗಳ ಮೋರೆಗೆ ಬೇರೆಬೇರೆಯಾಗಿ ಜೋಡಿಸಬೇಕು. ಅನಂತರ ಪಾರ್ಶ್ವಗಳ ಮೇಲುಮೈ ಒಳಗಾಗುವಂತೆ ಒಂದರ ಮೇಲೊಂದನ್ನಿಟ್ಟು, ಕಚ್ಚಾ ದಾರದಿಂದ ಸಡಿಲವಾಗಿ ಬಂಧಿಸಿ, ನೆತ್ತಿಯಿಂದ ಕೊಕ್ಕು, ಎದೆ, ಹೊಟ್ಟೆಯ ಮಾರ್ಗವಾಗಿ ಬಾಲದವರೆಗೆ ಹೊಲಿಯುತ್ತ ಬಂದು ಬೆನ್ನನ್ನು ಮಾತ್ರ ತೆರೆದಿಡಬೇಕು. ಆ ತೆರವೇ ಸಂಚಿಯ ಬಾಯಿ.

“ದಾರಾ ಮೊಳಕ್ಕಿಂತ ಉದ್ದ ತಗೋಬ್ಯಾಡವಾ, ಗಂಟ ಬೀಳತೈತಿ” ಎಂಬುದು ಕೌದಿಯ ಮನೆಗಳಲ್ಲಿ ಮೊದಲನೆಯ ಪಾಠ. ಉದ್ದನೆಯ ದಾರವು ಬಟ್ಟೆಯನ್ನು ಹೆಚ್ಚು ಸಲ ದಾಟುವುದರಿಂದ ತುದಿಗೆ ಬರುವಷ್ಟರಲ್ಲಿ ತಿಕ್ಕಿ ಸವೆದಿರುತ್ತದೆ, ಹುರಿಯೂ ಕಳಚಿ ಗಂಟಾಗುತ್ತದೆ.

ಕೌದಿಯ ಹೊಲಿಗೆ ಓಡುಹೊಲಿಗೆ: ಸೂಜಿ ಒಮ್ಮೆ ಮೇಲೆ ಒಮ್ಮೆ ಕೆಳಗೆ ಓಡುತ್ತ ಮುಂದಕ್ಕೇ ಹೋಗುತ್ತದೆ. ಹಲವು ಪದರಗಳ ಮೇಲೆ ನೂರಾರು ಸಾಲು ಬೀಳುವ ಕೌದಿಯಲ್ಲಿ ಭಾರವು ಎಲ್ಲ ಸಾಲುಗಳಿಗೂ ಹಂಚಿಹೋಗುವುದರಿಂದ ಅದು ತಾಳುತ್ತದೆ. ಸಂಚಿಯಲ್ಲಾದರೋ ನಾಣ್ಯದ ಭಾರವೆಲ್ಲ ಒಂದೇ ಸಾಲಿನ ಮೇಲೆ ಬೀಳತಕ್ಕದ್ದು. ಆದಕಾರಣ ಇಲ್ಲಿ ಹಿಂಹೊಲಿಗೆಯೇ ಬೇಕು: ಸೂಜಿ ಮುಂದೆ ಎದ್ದು, ಒಂದು ಹೊಲಿಗೆಯಷ್ಟು ಹಿಂದಕ್ಕೆ ಹೋಗಿ ಹೊಕ್ಕು, ಮೊದಲು ಎದ್ದ ಎಡೆಯಿಂದ ಮತ್ತೆ ಅಷ್ಟೇ ಮುಂದೆ ಏಳುವುದು. ಪ್ರತಿಯೊಂದು ಹೊಲಿಗೆಯೂ ಹಿಂದಿನದನ್ನು ಮುಟ್ಟಿಕೊಂಡೇ ಇರುವುದರಿಂದ ಸಾಲಿನಲ್ಲಿ ಸಂದು ಉಳಿಯದು. ಎಲ್ಲಿಯಾದರೂ ಒಂದು ತುಂಡಾದರೂ ಸಾಲೆಲ್ಲ ಒಮ್ಮೆಲೇ ಬಿಚ್ಚಿಹೋಗದು. ಒಂದು ಇಂಚಿನಲ್ಲಿ ಎಂಟೋ ಹತ್ತೋ ಹೊಲಿಗೆ ಬಿದ್ದರೆ ನಾಣ್ಯದ ಅಂಚು ಹೊರಗೆ ಇಣುಕದು.

ಯಂತ್ರವಿರುವಾಗ ಕೈಯೇಕೆ ಎಂದು ಕೇಳುವವರಿದ್ದಾರೆ. ಅಂಗೈಯಗಲದ ಗಿಳಿಯ ಕೊರಳಿನ ಬಾಗು ಹೊಲಿಗೆಯಂತ್ರದ ಪಾದಕ್ಕಿಂತಲೂ ಚಿಕ್ಕದು. ಅಲ್ಲಿ ಯಂತ್ರವನ್ನು ನಿಲ್ಲಿಸಿ, ಪಾದ ಎತ್ತಿ, ಬಟ್ಟೆ ತಿರುಗಿಸಿ, ಮತ್ತೆ ಪಾದ ಇಳಿಸುವ ಅವಧಿಯಲ್ಲಿ ಕೈಸೂಜಿಯು ಒಂದೊಂದೇ ಹೊಲಿಗೆಗೆ ದಿಕ್ಕನ್ನು ಬದಲಿಸುತ್ತ ಬಾಗನ್ನು ದಾಟಿರುತ್ತದೆ. ದೊಡ್ಡ ಚೀಲಕ್ಕೆ ಯಂತ್ರವು ಯೋಗ್ಯ; ಇಷ್ಟು ಸಣ್ಣ ಆಕೃತಿಗೆ ಕೈಯೇ ಹೆಚ್ಚು ಸಮರ್ಥ.

ಕೊಕ್ಕು ಮೂಡುವ ಬಗೆ

ಹೊಲಿಗೆ ಮುಗಿದ ಮೇಲೆ ಒಳಮೈಯಲ್ಲಿರುವ ಗಿಳಿಯನ್ನು ಹೊರಮೈಗೆ ತಿರುವುವ ಮುನ್ನ ಮಾಡಬೇಕಾದ ಸಣ್ಣ ಕೆಲಸವೊಂದಿದೆ. ಅದನ್ನು ಬಿಟ್ಟವರ ಗಿಳಿಗಳೆಲ್ಲ ಆಲೂಗಡ್ಡೆಗಳಾಗುತ್ತವೆ. ಕೊರಳಿನಂಥ ಒಳಬಾಗುಗಳಲ್ಲಿ ಅಂಚಿನ ಬಟ್ಟೆಗೆ ಹೊಲಿಗೆಯ ಸಮೀಪದವರೆಗೂ ನೇರವಾಗಿ ಕತ್ತರಿಯಿಂದ ಗೀರು ಕೊಡಬೇಕು, ಏಕೆಂದರೆ ತಿರುವಿದಾಗ ಅಲ್ಲಿಯ ಅಂಚು ಹಿಗ್ಗಬೇಕಾಗುತ್ತದೆ. ಎದೆಹೊಟ್ಟೆಗಳಂಥ ಹೊರಬಾಗುಗಳಲ್ಲಿ ಅಂಚಿನಿಂದ ಸಣ್ಣ ಮುಕ್ಕೋನಗಳನ್ನು ಕತ್ತರಿಸಿ ತೆಗೆಯಬೇಕು, ಏಕೆಂದರೆ ಅಲ್ಲಿ ಬಟ್ಟೆ ಒಟ್ಟುಗೂಡುತ್ತದೆ. ದಾರಕ್ಕೆ ಮಾತ್ರ ಕತ್ತರಿ ತಗಲಕೂಡದು.

ಕೊಕ್ಕಿನ ತುದಿಯ ವಿಚಾರ ಇನ್ನೂ ಸೂಕ್ಷ್ಮ. ತುದಿ ಚೂಪಾಗಬೇಕೆಂದು ಎರಡು ಸಾಲುಗಳನ್ನು ಒಂದೇ ಬಿಂದುವಿನಲ್ಲಿ ಕೂಡಿಸಿದರೆ ತಿರುವಿದಾಗ ಅಂಚಿನ ಬಟ್ಟೆಗೆ ಸ್ಥಳವಿಲ್ಲದೆ ತುದಿ ಮೊಂಡಾಗುತ್ತದೆ. ಬದಲಾಗಿ ತುದಿಯಲ್ಲಿ ಅಡ್ಡಲಾಗಿ ಒಂದೇ ಒಂದು ಹೊಲಿಗೆ ಹಾಕಿ ತಿರುಗಿ, ಹೊರಗಿನ ಮೂಲೆಯನ್ನು ಕತ್ತರಿಸಿ ತೆಗೆದರೆ ಕೊಕ್ಕು ನಾವು ಬಯಸಿದಂತೆ ಚೂಪಾಗಿ ಮೂಡುತ್ತದೆ. ತಿರುವಿದ ಮೇಲೆ ಮೊಂಡಾದ ಕಡ್ಡಿಯೊಂದನ್ನು ಒಳಗಿಟ್ಟು ಮೆಲ್ಲಗೆ ಒತ್ತಬೇಕೇ ಹೊರತು ಸೂಜಿಯ ಮೊನೆಯಿಂದ ಹೊರಗೆ ಎಳೆಯಬಾರದು. ಎಳೆದರೆ ಖಣದ ರೇಷ್ಮೆಯ ಎಳೆ ಜಗ್ಗಿ ಬರುತ್ತದೆ.

ಅಸ್ತರವನ್ನು ಅದೇ ಕ್ರಮದಲ್ಲಿ ಹೊಲಿದು, ಆದರೆ ತಿರುವದೆ, ಗಿಳಿಯ ಒಳಗಿಳಿಸಬೇಕು. ಆಗ ಎರಡರ ಒರಟು ಅಂಚುಗಳೂ ನಡುವೆ ಮರೆಯಾಗುತ್ತವೆ. ಬಾಯ ಸುತ್ತ ಎರಡೂ ಬಟ್ಟೆಗಳ ಅಂಚನ್ನು ಒಳಕ್ಕೆ ಮಡಚಿ, ದಾರ ಕಾಣದಂತೆ ಸಣ್ಣದಾಗಿ ಹೆಮ್ಮಿಂಗ್ ಹಾಕಿದರೆ ದೇಹವು ಪೂರ್ಣವಾಯಿತು.

ಮುಚ್ಚಳ ಮತ್ತು ಕಣ್ಣು

ಇನ್ನು ರೆಕ್ಕೆ. ಎರಡು ಪದರದಲ್ಲಿ ಪ್ರತ್ಯೇಕವಾಗಿ ಹೊಲಿದು ತಿರುವಿದ ಎಲೆಯಾಕಾರದ ಈ ತುಂಡಿನ ಅಗಲವಾದ ಕಡೆಯನ್ನು ಬಾಯಿಯ ಒಂದು ಅಂಚಿಗೆ ಭದ್ರಪಡಿಸಿ, ಬೆನ್ನನ್ನು ಬಳಸಿ ಇನ್ನೊಂದು ಪಾರ್ಶ್ವಕ್ಕೆ ಇಳಿಯಬಿಟ್ಟರೆ ಅದೇ ಮುಚ್ಚಳ. ತುದಿಗೆ ದಾರದ ಕುಣಿಕೆ, ಪಾರ್ಶ್ವದ ಮೇಲೆ ಗುಂಡಿ. ಅಂಗಡಿಯ ಚೈನನ್ನು ಹಾಕುವುದಕ್ಕೂ ಅಡ್ಡಿಯಿಲ್ಲವಾದರೂ ಬಾಗಿದ ಬೆನ್ನಿಗೆ ಚೈನು ಕೂರುವುದು ಕಷ್ಟ, ಕೆಟ್ಟಾಗ ಸಂಚಿಯೇ ನಿರುಪಯೋಗಿ. ಗುಂಡಿಯು ಉದುರಿದರೆ ಇನ್ನೊಂದನ್ನು ಹಚ್ಚಬಹುದು.

ಲಾಡಿ ಎಳೆದು ಮುಚ್ಚುವ ಹಳೆಯ ಪದ್ಧತಿಯು ಮೀನಿನ ಬಾಯಿಗೆ ಚೆನ್ನಾಗಿ ಒಪ್ಪುತ್ತದೆ. ಆದರೆ ಎಳೆಯ ಮಕ್ಕಳಿಗೆ ಕೊಡುವ ಸಂಚಿಗೆ ಕೊರಳಲ್ಲಿ ಹಾಕಿಕೊಳ್ಳುವಷ್ಟು ಉದ್ದದ ದಾರವನ್ನು ಬಿಡಕೂಡದು. ಕಣ್ಣಿಗೂ ಮಣಿ, ಗುಂಡಿಗಳನ್ನು ಹಚ್ಚಕೂಡದು. ಕೂಸು ಕಚ್ಚಿ ಕಿತ್ತುಕೊಂಡ ಮಣಿ ಗಂಟಲಲ್ಲಿ ಸಿಕ್ಕಿಬಿದ್ದೀತು. ಕರಿಯ ದಾರವನ್ನು ಸೂಜಿಗೆ ಎರಡು ಮೂರು ಸುತ್ತು ಸುತ್ತಿ ಎಳೆದ ಗಂಟೇ ಕಣ್ಣಾಗಲಿ. ಆ ಕಣ್ಣನ್ನು ದೇಹದ ಪಾರ್ಶ್ವಗಳನ್ನು ಕೂಡಿಸುವ ಮೊದಲೇ ಹಾಕಿಬಿಟ್ಟರೆ ಎರಡೂ ಕಡೆ ಸಮನಾಗಿ ಬರುತ್ತದೆ.

ಗಿಳಿಯಲ್ಲಿ ಕೈ ಪಳಗಿದವರು ಆನೆಗೆ ಹೋಗಬಹುದು. ಆನೆಯ ಎರಡು ಪಾರ್ಶ್ವಗಳ ನಡುವೆ ಎರಡು ಇಂಚು ಅಗಲದ ಹೊಟ್ಟೆಪಟ್ಟಿಯೊಂದನ್ನು ಸೇರಿಸಿದರೆ ಅದು ತನ್ನ ನಾಲ್ಕು ಕಾಲಿನ ಮೇಲೆ ತಾನೇ ನಿಲ್ಲುತ್ತದೆ. ಕಿವಿಗಳನ್ನು ಬಟ್ಟೆಯ ಓರೆಯಲ್ಲಿ ಕತ್ತರಿಸಿದರೆ ಜೋಲುವ ಗುಣ ಬರುತ್ತದೆ. ಬೆನ್ನಿನ ಬಾಯಿಗೆ ಮುಚ್ಚಳವಾಗಿ ಇಳಕಲ್ ದಡಿಯ ಜೂಲವನ್ನೂ ಅದರ ಮೇಲೆ ಕಸೂತಿಯ ಅಂಬಾರಿಯನ್ನೂ ಕೂರಿಸಿದಾಗ, ತಲೆಮಾರುಗಳಿಂದ ಸೀರೆಯ ಸೆರಗಿನಲ್ಲಿ ಚಪ್ಪಟೆಯಾಗಿ ಸಾಲುಗಟ್ಟಿ ನಡೆದಿದ್ದ ಆನೆಯು ಎದ್ದು ಅಂಗೈಯ ಮೇಲೆ ನಿಂತಂತಾಗುತ್ತದೆ. ಇದಕ್ಕಿಂತ ಉಚಿತವಾದ ಮುಚ್ಚಳವನ್ನು ಆನೆಗೆ ಯಾರೂ ಕಲ್ಪಿಸಲಾರರು.

ದುಡಿಮೆಯ ಬೆಲೆ

ಇಂಥ ಸಂಚಿಗಳು ಈಗ ಜಾತ್ರೆಯ ಅಂಗಡಿಗಳಲ್ಲಿ, ನಗರಗಳ ಕರಕುಶಲ ಮೇಳಗಳಲ್ಲಿ ಮಾರಾಟದ ವಸ್ತುಗಳಾಗಿವೆ. ಖಣದ ಬಟ್ಟೆಯಿಂದ ಕೈಚೀಲ, ಪರ್ಸು, ಕಿವಿಯೋಲೆಗಳವರೆಗೂ ಮಾಡಿ ಮಾರುವವರಿದ್ದಾರೆ. ಇದು ಸಂತೋಷದ ವಿಷಯ. ಆದರೆ ಬೆಲೆ ಹೇಳುವಾಗ ನಡೆಯುವ ಅನ್ಯಾಯವನ್ನು ಕುರಿತು ಮೌನವಾಗಿರಲಾಗದು.

ಕೊಳ್ಳುವವರು ನೋಡುವುದು ಬಟ್ಟೆಯನ್ನು. ಅಂಗೈಯಗಲದ ಚಿಂದಿಗೆ ಇಷ್ಟೊಂದು ರೊಕ್ಕವೇ ಎನ್ನುತ್ತಾರೆ. ಬಟ್ಟೆ ಪುಕ್ಕಟೆಯೇ ಸಿಕ್ಕಿದ್ದರೂ, ಕಾಗದದ ಮಾದರಿ, ಕತ್ತರಿ, ಕಚ್ಚಾ, ಹಿಂಹೊಲಿಗೆ, ತಿರುವು, ಅಸ್ತರ, ರೆಕ್ಕೆ, ಗುಂಡಿ ಇವೆಲ್ಲ ಸೇರಿ ಒಬ್ಬ ನುರಿತ ಹೆಣ್ಣುಮಗಳ ಅರ್ಧ ದಿನದ ಬಿಡುವನ್ನು ತಿನ್ನುತ್ತವೆ. ಕಸೂತಿ ಸೇರಿದರೆ ಇನ್ನೂ ಹೆಚ್ಚು. ಆ ಸಂಚಿಯ ಬೆಲೆಯೆಂದರೆ ಆ ಅರ್ಧ ದಿನದ ಕೂಲಿ. ಹೊಲದ ಕೂಲಿಗೆ ದರ ಕೇಳುವವರು ಸೂಜಿಯ ಕೂಲಿಯನ್ನು ಬಿಡುವಿನ ಆಟವೆಂದು ಭಾವಿಸುವುದು ಸರಿಯಲ್ಲ. ಕಸೂತಿಗೂ ಇಳಕಲ್ ಸೀರೆಗೂ ಭೌಗೋಳಿಕ ಸೂಚಕದ ಮನ್ನಣೆ ದೊರೆತಿದೆ. ಆ ಮನ್ನಣೆಯ ಫಲ ಹೊಲಿದ ಕೈಗೆ ತಲಪಬೇಕಾದರೆ ಊರಿನ ಸ್ತ್ರೀಶಕ್ತಿ ಸಂಘಗಳು ಸಂಚಿಯ ಜೊತೆಗೆ ಅದನ್ನು ಹೊಲಿಯಲು ಹಿಡಿದ ಹೊತ್ತನ್ನೂ ಚೀಟಿಯಲ್ಲಿ ಬರೆದು ಮಾರಬೇಕೆಂದು ನನಗೆ ತೋರುತ್ತದೆ.

ಶಾಲೆಗಳಿಗೂ ಇದು ತಕ್ಕ ಪಾಠ. ಹಿಂದೆ ಹೊಲಿಗೆಯ ತರಗತಿ ಹೆಣ್ಣುಮಕ್ಕಳಿಗೆ ಮಾತ್ರ ಮೀಸಲಾಗಿತ್ತು. ರಬಕವಿ ಬನಹಟ್ಟಿಗಳಲ್ಲಿ ಮಗ್ಗದ ಮೇಲೆ ಕುಳಿತು ಸೀರೆ ನೇಯುವವರಲ್ಲಿ ಗಂಡಸರೇ ಬಹಳವಿರುವಾಗ, ಗಂಡುಹುಡುಗರ ಕೈಗೆ ಸೂಜಿ ಕೊಡಲು ಸಂಕೋಚವೇಕೆ? ಕಾಗದವನ್ನು ಮಗುಚುವುದರಲ್ಲಿ ಪ್ರತಿಬಿಂಬದ ಪಾಠವಿದೆ, ಹೊಟ್ಟೆಪಟ್ಟಿಯ ಉದ್ದವನ್ನು ಬಾಗಿದ ಗೆರೆಗೆ ಸರಿದೂಗಿಸುವುದರಲ್ಲಿ ಗಣಿತವಿದೆ.

ಸವೆದ ಮೇಲೆ

ದಿನವೂ ಬಳಸುವ ಸಂಚಿಯಲ್ಲಿ ಮೊದಲು ಸವೆಯುವುದು ಹೊರಮೈಯಲ್ಲ. ನಾಣ್ಯ, ಕೀಲಿಕೈಗಳು ತಿಕ್ಕುವ ಅಸ್ತರ. ಬಾಯಂಚಿನ ಹೆಮ್ಮಿಂಗ್ ಬಿಚ್ಚಿ, ಹಳೆಯ ಅಸ್ತರವನ್ನು ಹೊರತೆಗೆದು, ಅದನ್ನೇ ಅಳತೆಯಾಗಿಟ್ಟುಕೊಂಡು ಹೊಸದನ್ನು ಕತ್ತರಿಸಿ ಕೂರಿಸಬಹುದು. ಒಗೆಯುವಾಗ ತಣ್ಣೀರಿನಲ್ಲಿ ಹಿಂಡದೆ ಅದ್ದಿ, ಒಳಗೆ ಒಣಬಟ್ಟೆಯ ಉಂಡೆಯೊಂದನ್ನು ತುಂಬಿ, ನೆರಳಿನಲ್ಲಿ ಒಣಗಿಸಿದರೆ ಗಿಳಿಯ ಎದೆ ಕುಸಿಯದು. ರೆಕ್ಕೆಯ ಕುಣಿಕೆಯು ವರ್ಷಕ್ಕೊಮ್ಮೆಯಾದರೂ ಸಡಿಲವಾಗುತ್ತದೆ. ಅದಕ್ಕೆ ಬೇಕಾದ ಅದೇ ಬಣ್ಣದ ದಾರವನ್ನು ಹೊಲಿದ ದಿನವೇ ಒಂದು ಮೊಳದಷ್ಟು ಕತ್ತರಿಸಿ, ಕಾಗದದ ಮಾದರಿಗೆ ಸುತ್ತಿ, ಚಿಂದಿಯ ಗಂಟಿನಲ್ಲಿ ಇಟ್ಟಿರುವುದು ಒಳ್ಳೆಯದು.